ಪೆಲೆಟ್ಟಿಗೆ ಉಪ್ಪು ಕಮ್ಮಿ

ನಮ್ಮ ಚಿನಕುರಳಿಯಲ್ಲಿ ಯಾರು ಏನೇ ಕೊಂಡರೂ ಅದು ಮನೆಯೊಳಗೆ ಹೋಗುವ ಮೊದಲು ನಮ್ಮ ದೊಡ್ಡಪ್ಪ ಹೊನ್ನಪ್ಪನ ಕೈ ದಾಟಬೇಕು. ಇದು ಸರ್ಕಾರದ ಕಾನೂನಲ್ಲ, ದೊಡ್ಡಪ್ಪನ ಕಾನೂನು. ಆದ್ದರಿಂದಲೇ ಜಾರಿಯಲ್ಲಿದೆ. ಎಮ್ಮೆಯಾದರೆ ಬಾಲ ಎತ್ತಿ ನೋಡುತ್ತಾನೆ, ಮಂಚವಾದರೆ ಅಲ್ಲಾಡಿಸುತ್ತಾನೆ, ಟಿವಿಯಾದರೆ ಹಿಂದಕ್ಕೆ ಹೋಗಿ ಬೆನ್ನು ತಟ್ಟುತ್ತಾನೆ. ಪಕ್ಕದ ಮನೆ ಕುಮಾರ್ ಹೊಸ ಬೈಕು ತಂದ ದಿನ ಅದರ ಟ್ಯಾಂಕಿಗೆ ಕಿವಿಯಿಟ್ಟು ಕೇಳಿ, ಹೊಟ್ಟೆ ಸರಿಯಾಗಿದೆ ಎಂದು ಸರ್ಟಿಫಿಕೇಟು ಕೊಟ್ಟ. 'ಇದು ನನಗೆ ಗೊತ್ತಿಲ್ಲ' ಎಂಬ ಡೈಲಾಗು ಇವತ್ತಿನವರೆಗೆ ಅವನ ಬಾಯಿಂದ ಬಂದಿಲ್ಲ. ಸ್ಕ್ರಿಪ್ಟ್ ಬರೆದು ಕೈಗೆ ಕೊಟ್ಟರೂ ಆ ಸಾಲನ್ನು ನುಂಗಿಬಿಡುವ ನಟ.

ಆದರೆ ದನದ ಆಹಾರದ ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ, ಅಲ್ಲಿ ಅವನು ನಿಜವಾದ ಹೀರೋ. ಊರ ಹಾಲಿನ ಡೇರಿಗೆ ಅವನೇ ಅಧ್ಯಕ್ಷ. ನಾನು, ಅಂದರೆ ಅಪ್ಪು, ಅದೇ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಮೆಷಿನ್ನಿನ ಮುಂದೆ ಕೂರುವವನು. ಬೆರಳ ತುದಿಯಷ್ಟಿರುವ ಗುಳಿಗೆಗಳಂಥ ಪಶು ಆಹಾರ ಮೂಟೆಯಲ್ಲಿ ಬರುತ್ತದೆ, ಅದಕ್ಕೆ ಪೆಲೆಟ್ ಎನ್ನುತ್ತೇವೆ. ಹೊಸ ಪೆಲೆಟ್ ಬಂದರೆ ದೊಡ್ಡಪ್ಪನ ಮೂರು ಪರೀಕ್ಷೆ. ಅಂಗೈಯಲ್ಲಿ ಉಜ್ಜಿ ಪುಡಿ ಉದುರುತ್ತದಾ ಎಂದು ನೋಡುತ್ತಾನೆ. ನೀರಿಗೆ ಹಾಕಿ ಬೇಗ ಕರಗುತ್ತದಾ ಎಂದು ನೋಡುತ್ತಾನೆ. ಕೊನೆಗೆ, ಹಸು ತಿನ್ನುವ ಮೊದಲು ತಾನೇ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಉಪ್ಪು ಕಮ್ಮಿ" ಎನ್ನುತ್ತಾನೆ. ಅಲ್ಲಿಗೆ ಲಾರಿ ವಾಪಸ್. ಹೊನ್ನಪ್ಪ ಬಾಯಿ ಹಾಕಿದ ಮೇಲೆ ಕಂಪನಿಯವನು ಬಾಯಿ ಮುಚ್ಚಬೇಕು.

ಇಂಥ ಮಹಾನುಭಾವನಿಗೆ ಒಬ್ಬಳೇ ಮಗಳು, ಅರ್ಪಿತಕ್ಕ. ಪಾಂಡವಪುರದಲ್ಲಿ ಬ್ಯೂಟಿಷಿಯನ್ ಕೋರ್ಸು ಮುಗಿಸಿ, ಅಲ್ಲೇ ಯಾರದೋ ಪಾರ್ಲರಿನಲ್ಲಿ ಎರಡು ವರ್ಷದಿಂದ ಹಲ್ಲಲ್ಲಿ ದಾರ ಕಚ್ಚಿಕೊಂಡು ಹೆಂಗಸರ ಹುಬ್ಬು ತಿದ್ದುತ್ತಿದ್ದಳು. ದೊಡ್ಡಪ್ಪ ಊರಲ್ಲಿ 'ಮಗಳು ಕೋರ್ಸು ಮಾಡ್ಯವ್ಳೆ' ಎಂದಷ್ಟೇ ಹೇಳಿ, ಯಾವ ಕೋರ್ಸು ಎಂದು ಕೇಳುವ ಮೊದಲೇ ಮಳೆ ವಿಷಯ ತೆಗೆಯುತ್ತಿದ್ದ. ಈಗ ಅರ್ಪಿತಕ್ಕನಿಗೆ ಮೊದಲ ಸಲ ಸ್ವಂತ ಹೆಸರಿನಲ್ಲಿ ಒಂದು ಕೆಲಸ ಸಿಕ್ಕಿತ್ತು. ಅರಕೆರೆಯ ಸಹನ ಎಂಬ ಹುಡುಗಿಯ ಮದುವೆ, ಮುಂದಿನ ಬುಧವಾರ, ಮದುಮಗಳ ಮೇಕಪ್ಪು ಪೂರ್ತಿ ಇವಳದೇ. ಚೆನ್ನಾಗಿ ಬಂದರೆ ತನ್ನದೇ ಬೋರ್ಡು ಹಾಕಬಹುದು. ಕೆಟ್ಟರೆ ಜೀವನವಿಡೀ ಮತ್ತೆ ದಾರ.

ಸೋಮವಾರ ಬೆಳಿಗ್ಗೆ ಡೇರಿಯಲ್ಲಿ ಮೂವತ್ತು ಜನ ಹಾಲು ಹಾಕಲು ನಿಂತಿದ್ದಾಗ ದೊಡ್ಡಪ್ಪನ ಫೋನು ಬಡಿದುಕೊಂಡಿತು. ಕ್ಯಾನುಗಳ ಸದ್ದಿಗೆ ಕೇಳಿಸುವುದಿಲ್ಲವೆಂದು ಅವನು ಸ್ಪೀಕರಿಗೆ ಹಾಕಿದ. ಇಡೀ ಕಥೆಯ ವಿಲನ್ ಆ ಸ್ಪೀಕರು.

"ಅಪ್ಪಾ, ಒಂದು ಪ್ಯಾಲೆಟ್ ನೋಡಿವ್ನಿ. ದೊಡ್ಡದು, ಆಲ್ ಇನ್ ಒನ್."

ದೊಡ್ಡಪ್ಪನ ಕೈಯಲ್ಲಿದ್ದ ಹಾಲಿನ ಅಳತೆ ಪಾತ್ರೆ ಅಲ್ಲೇ ನಿಂತಿತು. "ಪೆಲೆಟ್ಟಾ? ನೀನಾ?"

"ಊಂ ಕಣಪ್ಪಾ. ಎಂಬತ್ತಾರು ಥರ ಅವೆ. ಮ್ಯಾಟೇ ನಲವತ್ತು. ಫೌಂಡೇಷನ್ನೂ ಅದ್ರಲ್ಲೇ ಬತ್ತದೆ. ನನ್ ಫ್ರೆಂಡು ತಸ್ಲೀಮ್ ಶನಿವಾರ ತತ್ತಾಳೆ. ನೀನ್ ನೋಡಿ ಊಂ ಅಂದ್ರೆ ಮಡೀಕತೀನಿ, ಇಲ್ದಿದ್ರೆ ವಾಪಸ್."

ಪ್ಯಾಲೆಟ್ ಎಂದರೆ ಮೇಕಪ್ಪು ಬಣ್ಣಗಳ ಪೆಟ್ಟಿಗೆ, ಮ್ಯಾಟ್ ಎಂದರೆ ಹೊಳಪಿಲ್ಲದ ಬಣ್ಣ, ಫೌಂಡೇಷನ್ ಎಂದರೆ ಮುಖಕ್ಕೆ ಮೊದಲು ಬಳಿಯುವ ಪದರ. ಇದು ಅರ್ಪಿತಕ್ಕನ ಮೊಬೈಲಿನ ವಿಡಿಯೋ ನೋಡಿ ನೋಡಿ ನನಗೆ ಗೊತ್ತು. ಆದರೆ ಡೇರಿಯಲ್ಲಿ ನಿಂತ ಮೂವತ್ತು ಜನಕ್ಕೆ ಮ್ಯಾಟ್ ಎಂದರೆ ಒಂದೇ, ಕೊಟ್ಟಿಗೆಯಲ್ಲಿ ಹಸು ಜಾರದಂತೆ ಹಾಸುವ ದಪ್ಪ ರಬ್ಬರು. ಫೌಂಡೇಷನ್ ಎಂದರೆ ಕಲ್ಲು, ಮರಳು, ಸಿಮೆಂಟು. ಯಾವನೋ ಪುಣ್ಯಾತ್ಮ ಕಂಪನಿ ಪೆಲೆಟ್ಟಿನ ಜೊತೆ ನಲವತ್ತು ಮ್ಯಾಟು ಕೊಟ್ಟು, ಕೊಟ್ಟಿಗೆಗೆ ಅಡಿಪಾಯವನ್ನೂ ಹಾಕಿಸಿಕೊಡುತ್ತಾನೆ ಎಂದು ಡೇರಿಗೆ ಡೇರಿಯೇ ತಿಳಿದುಕೊಂಡಿತು.

ದೊಡ್ಡಪ್ಪ ಫೋನಿಟ್ಟು ಎದೆ ಮುಂದೆ ಮಾಡಿದ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕು ಇರಲಿಲ್ಲ, ಆದರೆ ಒಂದು ಎಮ್ಮೆ ಸರಿಯಾದ ಟೈಮಿಗೆ ಕೂಗಿತು. "ನನ್ ಮಗ್ಳು ಕಣ್ರಲಾ," ಎಂದ. "ಕೊನೆಗೂ ದನಿನ್ ಕಡೆ ತಿರುಗವ್ಳೆ."

ಸತ್ಯ ಹೇಳಲು ಅದೇ ಸರಿಯಾದ ಜಾಗ. ಹೀರೋ ಆಗಿದ್ದರೆ ಹೇಳುತ್ತಿದ್ದ. ನಾನು ಕಾಮಿಡಿ ಟ್ರ್ಯಾಕಿನವನು. "ಎಂಬತ್ತಾರು ಥರ ಅಂದ್ರೆ ದೊಡ್ಡಪ್ಪ, ಕರೀಗೊಂದು, ಬಿಳೀಗೊಂದು, ಕೆಂದಕ್ಕೊಂದು ಇರ್ಬೇಕು," ಎಂದು ಬೆಂಕಿಗೆ ಒಂದು ಸೌಟು ತುಪ್ಪ ಹಾಕಿ ಮೆಷಿನ್ನಿನ ಹಿಂದೆ ಮುಖ ಮುಚ್ಚಿಕೊಂಡೆ.

ಮಧ್ಯಾಹ್ನದೊಳಗೆ ನಲವತ್ತು ಮ್ಯಾಟಿಗೆ ಎಪ್ಪತ್ತು ಜನ ಹೆಸರು ಕೊಟ್ಟರು. ಚಿಕ್ಕಯ್ಯ ಎಂಬುವನೊಬ್ಬನಿದ್ದಾನೆ. ಡೇರಿ ಎಲೆಕ್ಷನ್ನಿನಲ್ಲಿ ದೊಡ್ಡಪ್ಪನೆದುರು ಮೂರು ಓಟಿನಲ್ಲಿ ಸೋತವನು, ಅಂದಿನಿಂದ ದೊಡ್ಡಪ್ಪ ಸೀನಿದರೂ ಅದರಲ್ಲಿ ಅವ್ಯವಹಾರ ಹುಡುಕುವವನು. ಅವನು ಬಂದು, ಮ್ಯಾಟು ಅಧ್ಯಕ್ಷರ ನೆಂಟರಿಗೇ ಹೋಗುತ್ತದೆಂದು ಈಗಲೇ ತಕರಾರು ಬರೆದುಕೊಟ್ಟ. ಇನ್ನೂ ಬಾರದ ಮ್ಯಾಟಿನ ಮೇಲೆ ಬಂದ ಮೊದಲ ತಕರಾರು ಅದು. ಮನೆಯಲ್ಲಿ ದೊಡ್ಡಮ್ಮ ದ್ಯಾವಮ್ಮ ಫೌಂಡೇಷನ್ ಸುದ್ದಿ ಕೇಳಿ, ಕಂಪನಿಯವರು ಬಂದಾಗ ಜಾಗ ಹೊಂದಿಸುತ್ತಾ ಕೂರುವುದು ಮರ್ಯಾದೆಯಲ್ಲ ಎಂದು ಕೊಟ್ಟಿಗೆಯ ಹಿಂದಿನ ತಿಪ್ಪೆ ತೆಗೆಸಿ, ಇಬ್ಬರು ಆಳುಗಳಿಂದ ಗುಂಡಿ ತೋಡಿಸಿಬಿಟ್ಟಳು. ನಾನು ಪಾಂಡವಪುರಕ್ಕೆ ಹೋಗಿ ಫ್ಲೆಕ್ಸು ಮಾಡಿಸಿದೆ. ದೊಡ್ಡಪ್ಪ ಒಂದು ಕೈಯಲ್ಲಿ ಫೋನು ಹಿಡಿದು ದಿಗಂತ ನೋಡುತ್ತಿದ್ದಾನೆ, ಹಿಂದೆ ಒಂದು ಹಸು ಅವನನ್ನು ನೋಡುತ್ತಿದೆ. ಕೆಳಗೆ ದಪ್ಪಕ್ಷರದಲ್ಲಿ, 'ಎಂಬತ್ತಾರು ಗುಣಗಳ ಆಲ್ ಇನ್ ಒನ್ ಪೆಲೆಟ್ಟನ್ನು ಗ್ರಾಮಕ್ಕೆ ಕರೆತರುತ್ತಿರುವ ಗೋಬಂಧು ಹೊನ್ನಪ್ಪನವರಿಗೂ ಅವರ ಸುಪುತ್ರಿಗೂ ಹೃತ್ಪೂರ್ವಕ ಸ್ವಾಗತ'. ಮೂಲೆಯಲ್ಲಿ ಶುಭ ಕೋರುವವನಾಗಿ ಕೂಲಿಂಗ್ ಗ್ಲಾಸು ಹಾಕಿಕೊಂಡು ನಾನು.

ಫ್ಲೆಕ್ಸಿನ ಫೋಟೋ ತಾಲ್ಲೂಕಿನ ಎಲ್ಲ ಮೊಬೈಲುಗಳಲ್ಲಿ ಓಡಾಡಿ, ಡೇರಿಗಳ ಮೇಲ್ವಿಚಾರಣೆ ನೋಡುವ ಅಧಿಕಾರಿ ರವೀಂದ್ರ ಅವರಿಗೂ ತಲುಪಿತು. ಅವರು ಫೋನು ಮಾಡಿ, ಹೊರಗಿನ ಪಶು ಆಹಾರವನ್ನು ಪರೀಕ್ಷೆಯಿಲ್ಲದೆ ಡೇರಿ ಅಂಗಳದಲ್ಲಿ ಇಳಿಸುವಂತಿಲ್ಲ, ಶನಿವಾರ ತಾವೇ ಬಂದು ಸ್ಯಾಂಪಲ್ ತೆಗೆಯುವುದಾಗಿ ಹೇಳಿದರು. ದೊಡ್ಡಪ್ಪ ಇನ್ನೂ ಅರ್ಧ ಅಡಿ ಎತ್ತರವಾದ. ಮಗಳ ಮಾಲು ನೋಡಲು ಆಫೀಸರೇ ಬರುತ್ತಿದ್ದಾರೆ ಎಂದು ಚಹಾ ಅಂಗಡಿಯಲ್ಲಿ ಕೂತು ಬಸ್ಸಿಗೆ ಕಾಯುವವರಿಗೂ ಹೇಳಿದ.

ಶನಿವಾರ ಬಂತು. ಡೇರಿ ಮುಂದೆ ಮೂಟೆ ಸಾಗಿಸಲು ಎರಡು ಟ್ರಾಕ್ಟರು. ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ರವೀಂದ್ರ, ಕೈಯಲ್ಲಿ ಸ್ಯಾಂಪಲ್ ಚೀಲ. ಮ್ಯಾಟು ಕಟ್ಟಿಕೊಂಡು ಹೋಗಲು ಹಗ್ಗ ತಂದ ಚಿಕ್ಕಯ್ಯ, ತಕರಾರು ಬೇರೆ, ಹಗ್ಗ ಬೇರೆ. ಎಲ್ಲರೂ ಲಾರಿ ಬರುತ್ತದೆಂದು ರಸ್ತೆ ನೋಡುತ್ತಿದ್ದರು. ಬಂದದ್ದು ಸ್ಕೂಟರು.

ಓಡಿಸುತ್ತಿದ್ದವಳು ತಸ್ಲೀಮ್. ಪಾಂಡವಪುರದಲ್ಲಿ ಅವರ ಮನೆಯವರದು ಫ್ಯಾನ್ಸಿ ಸ್ಟೋರು, ಅರ್ಪಿತಕ್ಕನ ಜೊತೆ ಕೋರ್ಸು ಕಲಿತವಳು. ಹಿಂದೆ ಕೂತ ಅರ್ಪಿತಕ್ಕನ ಮಡಿಲಲ್ಲಿ ಸಣ್ಣ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ. ಅವಳು ಮೊದಲು ಜನ ನೋಡಿದಳು, ಆಮೇಲೆ ಟ್ರಾಕ್ಟರು ನೋಡಿದಳು, ಆಮೇಲೆ ಫ್ಲೆಕ್ಸು ಓದಿದಳು. ಕೊನೆಗೆ ನನ್ನನ್ನು ನೋಡಿದಳು. ಆ ನೋಟಕ್ಕೆ ಸಬ್‌ಟೈಟಲ್ ಬೇಕಿರಲಿಲ್ಲ.

"ಸಲಾಂ ಚಾಚಾ," ಎಂದಳು ತಸ್ಲೀಮ್. "ಇಷ್ಟೊಂದು ಜನ ಯಾಕೆ, ಯಾರ್ದಾದ್ರೂ ನಿಕಾನಾ?"

ದೊಡ್ಡಪ್ಪ ಪೆಟ್ಟಿಗೆ ಕಸಿದುಕೊಂಡು ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿದ. ಮೆಟ್ಟಿಲಿನಂತೆ ಮೂರು ಅಂತಸ್ತು ಬಿಚ್ಚಿಕೊಂಡವು. ಗುಂಡಗೆ, ಚೌಕಕ್ಕೆ, ಸಾಲು ಸಾಲಾಗಿ ಎಂಬತ್ತಾರು ಬಣ್ಣ. ಮುಚ್ಚಳದಲ್ಲೊಂದು ಕನ್ನಡಿ. ಅದರಲ್ಲಿ ಮೊದಲು ಕಂಡದ್ದು ಚಿಕ್ಕಯ್ಯನ ಮುಖ, ಅವನೇ ಒಂದು ಹೆಜ್ಜೆ ಹಿಂದೆ ಸರಿದ.



"ಏನ್ ಒನ್ನಪ್ಪಣ್ಣ," ಎಂದ ಚಿಕ್ಕಯ್ಯ. "ನಲವತ್ ಮ್ಯಾಟೂ ಇದ್ರೊಳಗೇ ಅವಾ?"

ಬೇರೆ ಯಾರಾದರೂ ಅಲ್ಲೇ ಕುಸಿಯುತ್ತಿದ್ದರು. ದೊಡ್ಡಪ್ಪ ಕುಸಿಯಲಿಲ್ಲ. ಗೊತ್ತಿಲ್ಲ ಎನ್ನುವ ಡೈಲಾಗು ಅವನಿಗೆ ಬರುವುದಿಲ್ಲವಲ್ಲ. "ಇದು ಸ್ಯಾಂಪ್ಲು ಕಣ್ಲಾ," ಎಂದ. ರವೀಂದ್ರ ಕನ್ನಡಕ ಏರಿಸಿ ಪೆಟ್ಟಿಗೆಯ ಹಿಂದುಮುಂದು ಓದಿ, ಪ್ರೋಟೀನು ಎಷ್ಟು ಪರ್ಸೆಂಟು ಎಂದು ಎಲ್ಲೂ ನಮೂದಿಸಿಲ್ಲವೆಂದು ಪುಸ್ತಕದಲ್ಲಿ ಬರೆದುಕೊಂಡರು. ಅರ್ಪಿತಕ್ಕ ಜನರ ನಡುವೆ ನುಗ್ಗಿ ಬರುತ್ತಿದ್ದಳು. ಅವಳು ಬಂದು ಮುಟ್ಟುವಷ್ಟರಲ್ಲಿ ದೊಡ್ಡಪ್ಪ ಇದ್ದುದರಲ್ಲಿ ಗಾಢ ಕೆಂಪು ಬಣ್ಣವನ್ನು ಉಗುರಿನಲ್ಲಿ ಗೋರಿ ಬಾಯಿಗೆ ಹಾಕಿಕೊಂಡ.

ಕಣ್ಣು ಮುಚ್ಚಿದ. ಬಲಗಡೆ ಅಗಿದ. ಎಡಗಡೆ ಅಗಿದ. ನಾಲಿಗೆಯಿಂದ ತುಟಿ ಸವರಿಕೊಂಡ. ಇಡೀ ಡೇರಿ ಅವನ ಗಂಟಲನ್ನೇ ನೋಡುತ್ತಿತ್ತು.

"ಉಪ್ಪು ಕಮ್ಮಿ."

ಹೇಳಿ ಕಣ್ಣು ಬಿಟ್ಟ. ತುಟಿ ಎರಡೂ ಗಿಣಿಯ ಕೊಕ್ಕಿನಷ್ಟು ಕೆಂಪು, ಬಿಳಿ ಮೀಸೆಯ ಕೆಳ ಅಂಚಿಗೆ ಅದೇ ಬಣ್ಣದ ಬಾರ್ಡರು.

"ಅಯ್ಯೋ ನನ್ ಶಿವ್ನೆ," ಎಂದಳು ಜನರ ನಡುವೆ ನಿಂತಿದ್ದ ದೊಡ್ಡಮ್ಮ ದ್ಯಾವಮ್ಮ. "ಈ ವಯಸ್ನಲ್ಲಿ ತುಟಿಗ್ ಬಣ್ಣ ಬಳ್ಕಂಡ್ಯಲ್ಲಾ, ಯಾರ್ ಬತ್ತಾರೆ ಅಂತ?"

"ಅಪ್ಪಾ, ಅದು ಮುಖುಕ್ ಹಚ್ಚದು," ಎಂದಳು ಅರ್ಪಿತಕ್ಕ. ಅವಳ ದನಿ ಹಾಲಿನ ನೊರೆಯಂತೆ ಇಳಿಯುತ್ತಿತ್ತು. "ಮೇಕಪ್ಪು. ಅರಕೆರೆ ಮದ್ವೇಗೆ."

ಜನ ನಕ್ಕದ್ದಕ್ಕೆ ಟ್ರಾಕ್ಟರಿನ ಮೇಲೆ ಕೂತಿದ್ದ ಕಾಗೆಗಳು ಎದ್ದು ಹೋದವು. ಹಸುಗಳು ಇನ್ನು ಲಿಪ್‌ಸ್ಟಿಕ್ಕು ಹಾಕಿಕೊಂಡೇ ಹಾಲು ಕೊಡುತ್ತವೆ ಎಂದು ಚಿಕ್ಕಯ್ಯ ಎರಡು ಸಲ ಹೇಳಿದ, ಮೊದಲ ಸಲ ಕೇಳದವರಿಗಾಗಿ. ರವೀಂದ್ರ ಪೆನ್ನಿನ ಟೋಪಿ ಹಾಕಿ ಸ್ಯಾಂಪಲ್ ಚೀಲ ಮಡಿಸಿದರು. ನನಗೂ ನಗು ಬರುತ್ತಿತ್ತು, ಆದರೆ ಅರ್ಪಿತಕ್ಕ ಮುಚ್ಚಳಕ್ಕೆ ಕೈಹಾಕಿದ್ದು ಕಂಡು ನಿಂತಿತು. ತಗೊಂಡು ಹೋಗಿಬಿಡು, ಅರಕೆರೆಯವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ ಹೇಳಿಬಿಡುತ್ತೇನೆ ಎಂದು ಅವಳು ತಸ್ಲೀಮಳಿಗೆ ಸಣ್ಣಗೆ ಹೇಳುತ್ತಿದ್ದಳು.

ಮುಚ್ಚಳದ ಮೇಲೆ ದೊಡ್ಡಪ್ಪನ ಕೈ ಬಿತ್ತು.

"ಮುಚ್ಬ್ಯಾಡ ಕಣವ್ವ. ಪರೀಕ್ಸೆ ಮುಗ್ದಿಲ್ಲ." ಕೆಂಪು ತುಟಿಯಲ್ಲೇ ಜನದ ಕಡೆ ತಿರುಗಿದ. "ನಗ್ರಲಾ, ನಗಿ. ಮುಖುಕ್ಕಾಕದಾಗ್ಲಿ ಮೂತಿಗಾಕದಾಗ್ಲಿ, ಮಾಲು ಮಾಲೇ. ನನ್ ಮಗ್ಳು ನೋಡು ಅಂದವ್ಳೆ, ನೋಡ್ತಾ ಇವ್ನಿ."

ಆಮೇಲೆ ನಡೆದದ್ದನ್ನು ನಾನು ಟಿಕೆಟ್ಟು ಕೊಟ್ಟಾದರೂ ನೋಡುತ್ತಿದ್ದೆ. ದೊಡ್ಡಪ್ಪ ಬಣ್ಣಗಳನ್ನು ಒಂದೊಂದಾಗಿ ಅಂಗೈಗೆ ಉಜ್ಜಿದ, ಥೇಟ್ ಪೆಲೆಟ್ಟಿನಂತೆ. ಮಿನುಗುವ ಸಾಲು ಮುಟ್ಟಿದ್ದೇ ತಡ, ತೌಡಿನಂತೆ ಉದುರಿ ಹಾರಿ ರವೀಂದ್ರ ಅವರ ಬಿಳಿ ಶರಟಿನ ಮೇಲೆ ಕೂತಿತು. ಅವರು ಕೊಡವಿದಷ್ಟೂ ಹರಡಿ, ಸರ್ಕಾರಿ ಕೆಲಸಕ್ಕೆ ಬಂದವರು ಆರ್ಕೆಸ್ಟ್ರಾ ಗಾಯಕರಾದರು. ಬೆರಳಿಗೆ ಹತ್ತಿದ್ದನ್ನು ಲೋಟದ ನೀರಿನಲ್ಲಿ ಅದ್ದಿ ಅದ್ದಿ ನೋಡಿದ. ನೀರಿನಲ್ಲಿ ಬಣ್ಣ ಬಿಟ್ಟವು ಒಂದು ಕಡೆ, ಬಿಡದವು ಇನ್ನೊಂದು ಕಡೆ ಎಂದು ನನ್ನ ಕೈಯಲ್ಲೇ ಗುರುತು ಹಾಕಿಸಿದ. ಎಂಬತ್ತಾರರಲ್ಲಿ ಗಟ್ಟಿಯಾಗಿ ನಿಂತವು ಹತ್ತೊಂಬತ್ತು. ಅವುಗಳಲ್ಲಿ ಫಸ್ಟ್ ರ‍್ಯಾಂಕು ಅವನ ತುಟಿಯ ಕೆಂಪಿನದು. ಅಷ್ಟರಲ್ಲಿ ಎರಡು ಲೋಟ ಚಹಾ ಕುಡಿದು ಮೂರು ಸಲ ಟವೆಲ್ಲಿನಲ್ಲಿ ಒರೆಸಿಕೊಂಡಿದ್ದರೂ ಅದು ಕದಲಿರಲಿಲ್ಲ.

ಕೊನೆಗೆ ಫೌಂಡೇಷನ್ನು. ಕೆಳ ಅಂತಸ್ತಿನಲ್ಲಿ ಎಂಟು ಇದ್ದವು. ಮುಖಕ್ಕೆ ಹಚ್ಚುವುದು ಮುಖದ ಬಣ್ಣಕ್ಕೆ ಸೇರಬೇಕು ಎಂದು ಅರ್ಪಿತಕ್ಕನಿಂದ ಕೇಳಿ ತಿಳಿದುಕೊಂಡು, ತನ್ನ ಮೊಣಕೈವರೆಗೆ ಎಂಟು ಪಟ್ಟೆ ಎಳೆದ. ಸೇರಲಿಲ್ಲ. ದೊಡ್ಡಮ್ಮನ ಕೈಗೆ ಎಳೆದ. ತಸ್ಲೀಮಳ ಕೈಗೆ, ನನ್ನ ಕೈಗೆ, ಬೇಡ ಬೇಡ ಎಂದರೂ ಚಿಕ್ಕಯ್ಯನ ಕೈಗೆ. ಎಲ್ಲರ ಕೈಯೂ ಸುಣ್ಣ ಹೊಡೆದ ಮೈಲಿಗಲ್ಲಿನಂತಾಯಿತು. ನಗುತ್ತಿದ್ದವರು ಈಗ ತಮ್ಮ ತಮ್ಮ ತೋಳು ನೋಡಿಕೊಳ್ಳುತ್ತಿದ್ದರು.

"ಎಂಟೂ ಆಲಿನ್ ಬಣ್ಣವೇ," ಎಂದ ದೊಡ್ಡಪ್ಪ. "ಒಂದೂ ರಾಗಿ ಇಲ್ಲ. ಇದ್ರಲ್ಲಿ ನಮ್ಮೋರ್ ಮುಖವೇ ಇಲ್ವಲ್ಲವ್ವಾ."

ಅರ್ಪಿತಕ್ಕ ಅವನ ಕೈ ಹಿಡಿದು ನೋಡಿದಳು. "ಸಹನಂದೂ ನಿನ್ ಬಣ್ಣವೇ ಕಣಪ್ಪಾ," ಎಂದಳು. ಎಂಬತ್ತಾರು ಎಂಬ ಲೆಕ್ಕ ನೋಡಿದ್ದಳೇ ಹೊರತು ಇದನ್ನು ನೋಡಿರಲಿಲ್ಲ ಎಂದು ಒಪ್ಪಿಕೊಂಡಳು.

ದೊಡ್ಡಪ್ಪ ತೀರ್ಪು ಕೊಟ್ಟ. ಹತ್ತೊಂಬತ್ತು ಮಾಲು, ಮಿಕ್ಕಿದ್ದು ಚೀಲ ತುಂಬಿಸಲು ಹಾಕಿದ ಹೊಟ್ಟು, ತೆಗೆದುಕೊಳ್ಳುವುದು ಬೇಡ, ಬೇಕಾದ ನಾಲ್ಕು ಬಣ್ಣ ಬಿಡಿಯಾಗಿ ತಗೋ. ಇಂಥ ನಿಖರವಾದ ತೀರ್ಪನ್ನು ಮೊಬೈಲಿನಲ್ಲಿ ಮೇಕಪ್ಪು ಪಾಠ ಹೇಳುವ ಯಾವ ಚೆಲುವೆಯೂ ಕೊಟ್ಟಿರಲಿಲ್ಲ. ಜನ ತಲೆದೂಗಿದರು.

ಆಗ ತಸ್ಲೀಮ್ ಕೆಮ್ಮಿದಳು. "ಚಾಚಾ, ತೀರ್ಪೇನೋ ಸರಿ. ಆದ್ರೆ ನೀವು ತಿಂದ್ಬುಟ್ಟಿದ್ದೀರಲ್ಲ. ನಾಲ್ಗೆ ಇಟ್ಟಿದ್ದನ್ನ ವಾಪಸ್ ಹೆಂಗ್ ತಗೊಳ್ಳೋದು?"

ಚಿಕ್ಕಯ್ಯನ ಮುಖ ಬೆಳಗಿತು. ಕೊಳ್ಳಬೇಡ ಎಂದವನೇ ಕೊಳ್ಳಬೇಕಾದ ಇಂಥ ಕ್ಲೈಮ್ಯಾಕ್ಸು ಅವನ ಕನಸಿನಲ್ಲೂ ಬಂದಿರಲಿಲ್ಲ. ಆದರೆ ದೊಡ್ಡಪ್ಪ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡ. "ನಾಲ್ಗೆ ನಂದು," ಎಂದ. "ನಂಗಿರದು ಒಂದೇ ನಾಲ್ಗೆ. ಮಾಲೂ ನಂದೇ."

ಊರಿನ ಇತಿಹಾಸದಲ್ಲಿ ಹೊನ್ನಪ್ಪ ಫೇಲು ಮಾಡಿದ ಮಾಲನ್ನು ಹೊನ್ನಪ್ಪನೇ ಕೊಂಡದ್ದು ಅದೇ ಮೊದಲು. ಅರ್ಪಿತಕ್ಕ ಪೆಟ್ಟಿಗೆ ನೋಡುತ್ತಾ ನಿಂತಿದ್ದಳು. ಪೆಟ್ಟಿಗೆ ಬಂತು, ಸಹನಳ ಮುಖದ ಬಣ್ಣ ಬರಲಿಲ್ಲ. ಬುಧವಾರಕ್ಕೆ ನಾಲ್ಕೇ ದಿನ.

"ಯಾಕವ್ವ ಅಂಗ್ ನಿಂತ್ಕಂಡೆ?" ಎಂದ ದೊಡ್ಡಪ್ಪ. "ಕಂಪ್ನಿಯೋನು ಕೊಟ್ಟ ಫೀಡ್ನ ನಾವು ಅಂಗೇ ಆಕ್ಬುಡ್ತೀವಾ? ಜೋಳದ್ ನುಚ್ಚು, ತೌಡು, ಹಿಂಡಿ, ನಮ್ ದನಕ್ಕೆ ಒಪ್ಪಂಗೆ ಬೆರಸಲ್ವಾ? ಆಲ್ ಅದೆ, ರಾಗಿ ಆಕು. ಬೆರಸು."

ಅರ್ಪಿತಕ್ಕ ಅವನನ್ನೇ ನೋಡಿದಳು. ಆಮೇಲೆ ಡೇರಿಯ ಸ್ಟೀಲ್ ತಟ್ಟೆ ತರಲು ನನಗೆ ಹೇಳಿದಳು. ಹಾಲು ಬಣ್ಣದ ಫೌಂಡೇಷನ್ನು ಸ್ವಲ್ಪ, ಅದಕ್ಕೆ ಕಣ್ಣಿಗೆ ಹಚ್ಚುವ ಕಂದು ಪುಡಿ ಸ್ವಲ್ಪ. ದೊಡ್ಡಪ್ಪ ಹೊಟ್ಟು ಎಂದು ತಳ್ಳಿಹಾಕಿದ್ದ ಬಣ್ಣಗಳೇ, ಉದುರುವ ಗುಣದಿಂದ, ಎಲ್ಲಕ್ಕಿಂತ ಚೆನ್ನಾಗಿ ಬೆರೆತವು. ಅವನು ಅದನ್ನು ಗಮನಿಸಿ, ಗಮನಿಸಲಿಲ್ಲ ಎನ್ನುವಂತೆ ಫ್ಲೆಕ್ಸು ನೋಡಿದ. ಮೊದಲನೆಯದು ಇಟ್ಟಿಗೆಯಂತಾಯಿತು, ಎರಡನೆಯದು ತಿಪ್ಪೆಯಂತಾಯಿತು. ಅವಳು ಅರಿಶಿನ ಬಣ್ಣ ಒಂದು ಚಿಟಿಕೆ ಸೇರಿಸಿ, ಬೆರಳಿನಲ್ಲಿ ಅರೆದು, ಮೂರನೆಯ ಸಲ ಅಪ್ಪನ ಮುಂಗೈಗೆ ಎಳೆದಳು. ಎಲ್ಲರೂ ಬಗ್ಗಿದರು. ಪಟ್ಟೆ ಕಾಣಲಿಲ್ಲ. ಚಿಕ್ಕಯ್ಯ ಅಧ್ಯಕ್ಷನ ಕೈ ತಿರುಗಿಸಿ ತಿರುಗಿಸಿ ಹುಡುಕಿದ.

"ಎಲ್ಲಿ ಎಳ್ದಮ್ಮಿ?" ಎಂದು ಕೇಳಿದ. ಅದು ಅರ್ಪಿತಕ್ಕನ ಜೀವನದ ಮೊದಲ ಸರ್ಟಿಫಿಕೇಟು, ಅದೂ ವಿರೋಧ ಪಕ್ಷದಿಂದ.

ಭಾನುವಾರದಿಂದ ಮೂರು ದಿನ ಪ್ರಾಕ್ಟೀಸಿಗೆ ಒಂದು ಮುಖ ಬೇಕಾಯಿತು. ಫ್ಲೆಕ್ಸು ಮಾಡಿಸಿದವನ ಮುಖವೇ ಆಗಬೇಕೆಂದು ಅರ್ಪಿತಕ್ಕ ಹಟ ಹಿಡಿದಳು. ಮದುಮಗಳ ಕಣ್ಣು, ಕೆನ್ನೆಯೊಂದಿಗೆ ನಾನು ಹಾಲಿನ ಫ್ಯಾಟ್ ನೋಡಿದೆ, ಊರವರು ನನ್ನನ್ನು ನೋಡಿದರು. ಮಂಗಳವಾರ ಹಾಲು ಹಾಕಲು ಬಂದ ಮುದುಕನೊಬ್ಬ ನನಗೆ 'ನಿಮ್ಮಪ್ಪ ಮನೇಲವ್ನಾ ಮಗ್ಳೇ' ಎಂದ. ಎಲ್ಲ ಬಲಿದಾನಗಳನ್ನೂ ಇತಿಹಾಸ ಬರೆಯುವುದಿಲ್ಲ.

ಬುಧವಾರ ಅರಕೆರೆಯಲ್ಲಿ ಮದುವೆ. ನಮ್ಮ ಕಡೆ ಮದುಮಗಳ ಮೇಕಪ್ಪು ಎಂದರೆ ಸಾಮಾನ್ಯವಾಗಿ ಮುಖ ಹಾಲು, ಕತ್ತು ಗದ್ದೆ, ನಡುವೆ ಒಂದು ಬದು. ಸಹನ ಮಂಟಪಕ್ಕೆ ಬಂದಾಗ ಬದು ಇರಲಿಲ್ಲ. ಹೊಲದ ರಾಗಿ ತೆನೆಯ ಬಣ್ಣದ ಹುಡುಗಿ ಅದೇ ಬಣ್ಣದಲ್ಲಿ ದೀಪ ಹಚ್ಚಿದಂತೆ ಹೊಳೆಯುತ್ತಿದ್ದಳು. ತುಟಿಗೆ ದೊಡ್ಡಪ್ಪ ತಿಂದು ಪಾಸು ಮಾಡಿದ ಕೆಂಪು. ಮೊದಲ ಸಾಲಿನಲ್ಲಿ ಕೂತಿದ್ದ ಅವಳ ಅಜ್ಜಿ ಮಾರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, ಅರ್ಪಿತಕ್ಕನನ್ನು ಹತ್ತಿರ ಕರೆದಳು.

"ನಮ್ ಮಗೀನೇ ಕಣವ್ವ," ಎಂದಳು. "ದೊಡ್ ಮೊಮ್ಮಗ್ಳ ಮದ್ವೇಲಿ ಇನ್ಯಾರೋ ಕೂತವ್ರೆ ಅಂದ್ಕಂಡು ಅಕ್ಸತೆ ಆಕ್ದಂಗೆ ಎದ್ ಬಂದ್ಬುಟ್ಟಿದ್ದೆ."

ಊಟದ ಹೊತ್ತಿಗೆ ಅರ್ಪಿತಕ್ಕನ ಫೋನ್ ನಂಬರು ನಾಲ್ಕು ಪಂಕ್ತಿ ಓಡಾಡಿ ಮೂರು ಮದುವೆ ಹಿಡಿದುಕೊಂಡು ಬಂತು. ದೊಡ್ಡಪ್ಪ ಇಸ್ತ್ರಿ ಪಂಚೆಯಲ್ಲಿ, ಮೀಸೆಯ ಅಂಚಿನಲ್ಲಿ ಇನ್ನೂ ಉಳಿದಿದ್ದ ಕೆಂಪಿನಲ್ಲಿ, ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಮಗಳು ಮಾಡಿರುವುದು ಬ್ಯೂಟಿಷಿಯನ್ ಕೋರ್ಸು ಎಂದು, ಮಳೆ ವಿಷಯ ತೆಗೆಯದೆ, ಪೂರ್ತಿಯಾಗಿ ಹೇಳುತ್ತಿದ್ದ. ಊರಿನಲ್ಲಿ ದೊಡ್ಡಮ್ಮ ತೋಡಿಸಿದ ಗುಂಡಿಯಲ್ಲಿ ನೀರು ನಿಂತು ಎಮ್ಮೆ ಮಲಗಿತ್ತು, ಅದರ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ಅರಕೆರೆಯ ಹೆಂಗಸೊಬ್ಬಳು ಅವನನ್ನು ನಿಲ್ಲಿಸಿದಳು. ತನ್ನ ಮಗಳೂ ಅಂಥದೇ ಎಂಬತ್ತಾರು ಬಣ್ಣದ ದೊಡ್ಡ ಡಬ್ಬ ಬೇಕೆಂದು ಹಟ ಮಾಡುತ್ತಿದ್ದಾಳೆ, ನೀವು ನೋಡಿದ್ದೀರಂತೆ, ತಗೋಬಹುದಾ ಎಂದು ಕೇಳಿದಳು.

ದೊಡ್ಡಪ್ಪ ಕಣ್ಣು ಮುಚ್ಚಿದ. ಬಾಯಲ್ಲಿ ಏನೂ ಇಲ್ಲದಿದ್ದರೂ ಒಮ್ಮೆ ಬಲಗಡೆ, ಒಮ್ಮೆ ಎಡಗಡೆ ಅಗಿದ.

"ಡಬ್ಬ ತಗಬ್ಯಾಡಿ ಕಣವ್ವ, ಅದುಕ್ಕೆ ಉಪ್ಪು ಕಮ್ಮಿ," ಎಂದ. "ನನ್ ಮಗಳ್ನ ಕರ್ಸ್ಕಳಿ. ಅವ್ಳಲ್ಲಿ ಎಲ್ಲ ಸರಿಯಾಗ್ ಬೆರ್ಸಿವ್ನಿ."